ಹನ್ನೆರಡನೆಯ ಹೆಸರು

ಫೆಬ್ರವರಿ ೩೧, ೨೨೯೧, ಮಧ್ಯಾಹ್ನ
ಗದಗ-ಬೆಟಗೇರಿ, ಮಾಡಿನ ಕೆಳಗೆ

ಸುಪ್ರಿಯಾ ಬೆಣಕಲ್ ಅವರಿಗೆ,

ಮೇಲಿನ ದಿನಾಂಕ ಕಂಡು, ಬರೆದವನ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ತಲೆ ನೆಟ್ಟಗಿದೆ, ದಿನಾಂಕ ನಿಮ್ಮದು. ಪುಟದ ಮೇಲೆ ತಾರೀಖು ಹಾಕಲು ನೀವು ಬರೆದ ಫಂಕ್ಷನ್ ಎಲ್ಲ ತಿಂಗಳಿಗೂ ಧಾರಾಳವಾಗಿ ಮೂವತ್ತೊಂದು ದಿನ ಹಂಚಿದೆ. ಇನ್ನೂರ ಅರವತ್ತು ಚಿಲ್ಲರೆ ವರ್ಷಗಳಿಂದ ನಾವು ಆ ಧಾರಾಳದಲ್ಲೇ ಬದುಕಿದ್ದೇವೆ. ಯುಗಾದಿ ಎಲ್ಲೋ ಹೋಗಿದೆ, ಸಂಕ್ರಾಂತಿ ಅದನ್ನು ಹುಡುಕಿಕೊಂಡು ಹೋಗಿದೆ. ಲಾಭವೆಂದರೆ, ವರ್ಷ ಉದ್ದವಾದ್ದರಿಂದ ಎಲ್ಲರ ವಯಸ್ಸೂ ಒಂದಿಷ್ಟು ಕಡಿಮೆ.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ತಿಳಿಯದು. ಕಾಲದ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕೋಡ್ ಬರೆದಾಗ ನಿಮಗಿನ್ನೂ ಇಪ್ಪತ್ತು ವರ್ಷ, ನನಗೆ ಈಗ ಐವತ್ತೆಂಟು. ಆದ್ದರಿಂದ ತಂಗಿ ಎನ್ನುತ್ತೇನೆ.

ನಾನು ಶಿವಯೋಗಿ ಅಚ್ಚಿನಮನಿ, ಈ ಊರಿನ ಅಚ್ಚಿಗ. ಅಚ್ಚಿಗನೆಂದರೆ ಮೊಳೆ ಜೋಡಿಸಿ ಮಸಿ ಬಳಿಯುವವನಲ್ಲ. ಆ ಭಾಗ್ಯ ನಮ್ಮ ವಂಶಕ್ಕೆ ಎಂದೋ ತಪ್ಪಿತು. ನೀವು ಮಾಡಿಟ್ಟುಹೋದ ‘ಅಕ್ಷರಜೋಡು’ ಎಂಬ ಲೈಬ್ರರಿಯನ್ನು ಓಡಿಸಿ ಪುಟ ತೆಗೆಯುವವನು. (ಪುಸ್ತಕವೇ ಇಲ್ಲದ ಲೈಬ್ರರಿ ಎಂದು ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಈಗ ಊರಿನಲ್ಲಿ ಇರುವ ಲೈಬ್ರರಿ ಅದೊಂದೇ.) ನೀವು ಬರೆದದ್ದನ್ನು ನಿಮಗೇ ವಿವರಿಸುವುದು ಉದ್ಧಟತನ. ಆದರೂ, ನಾವು ಹೇಗೆ ಅರ್ಥ ಮಾಡಿಕೊಂಡಿದ್ದೇವೆಂದು ತಿಳಿಯಲಿ. ಅದರಲ್ಲಿ ಪುಟವನ್ನು ಬರೆಯುವುದಿಲ್ಲ, ಕಟ್ಟುತ್ತಾರೆ. ಒಂದು ಹೆಸರು ಒಂದು ಡಬ್ಬಿ. ಡಬ್ಬಿಯ ಪಕ್ಕ ಡಬ್ಬಿ ಇಟ್ಟರೆ ಸಾಲು, ಸಾಲಿನ ಕೆಳಗೆ ಸಾಲು ಇಟ್ಟರೆ ಪುಟ. ಕೂಡಿಸಿದ್ದೂ ಒಂದು ಡಬ್ಬಿಯೇ, ಅದನ್ನು ಇನ್ನೊಂದರ ಜತೆ ಕೂಡಿಸಬಹುದು. ಒಮ್ಮೆ ಕಟ್ಟಿದ್ದನ್ನು ತಿದ್ದುವಂತಿಲ್ಲ, ಬೇಕಾದರೆ ಹೊಸದನ್ನು ಕಟ್ಟಿಕೊಳ್ಳಬೇಕು. ಕೊಟ್ಟದ್ದು ಅದೇ ಆದರೆ ಬರುವುದೂ ಅದೇ. ಇದನ್ನು ನಿಮ್ಮ ಕಾಲದಲ್ಲಿ ಶುದ್ಧ ಫಂಕ್ಷನ್ ಎನ್ನುತ್ತಿದ್ದರಂತೆ. ಹಾಗೆಯೇ ಮದುವೆ, ಮುಂಜಿ, ಗೃಹಪ್ರವೇಶಗಳಿಗೂ ಫಂಕ್ಷನ್ ಎನ್ನುತ್ತಿದ್ದಿರೆಂದೂ, ಅದರಲ್ಲಿ ಊಟ ಇರುತ್ತಿತ್ತೆಂದೂ ಕೇಳಿದ್ದೇನೆ. ನಮಗೆ ಉಳಿದಿರುವುದು ಊಟವಿಲ್ಲದ ಫಂಕ್ಷನ್.

ಮಾಡಿನ ವಿಷಯ ಹೇಳಬೇಕು. ಬಿಸಿಲು ಮನುಷ್ಯರಿಗೆ ಆಗದಂತಾದ ಮೇಲೆ ಊರಿನ ಮೇಲೆ ಒಂದು ದೊಡ್ಡ ತಂಪುಮಾಡು ಕಟ್ಟಿದರು. ಅದರ ಕೆಳಗೆ ಇರುವ ಮನೆಗಳೆಷ್ಟೋ ಅಷ್ಟೇ, ಇನ್ನೊಂದು ಮನೆಗೆ ಜಾಗವಿಲ್ಲ. ಪ್ರತಿ ಮನೆಯ ಬಾಗಿಲಿಗೂ ಒಂದು ಅಚ್ಚಾದ ಹಾಳೆ ಅಂಟಿಸಿರುತ್ತದೆ. ಅದಕ್ಕೆ ಮನೆಹಾಳೆ ಎಂದು ಹೆಸರು. ನಿಮ್ಮ ಕಿವಿಗೆ ಅದು ಬೈಗುಳದಂತೆ ಕೇಳಿಸಬಹುದು. ಕೇಳಿಸಲಿ, ತಪ್ಪೇನಿಲ್ಲ. ಬೆಳಗಾದರೆ ಬಾಗಿಲು ಆ ಹಾಳೆಯನ್ನು ತಾನೇ ಓದಿಕೊಳ್ಳುತ್ತದೆ. ಹಾಳೆಯಲ್ಲಿ ಹೆಸರು ಇದ್ದವರಿಗೆ ನೀರು, ರೊಟ್ಟಿ, ಔಷಧ, ನೆರಳು. ಇಲ್ಲದವರು ಮಾಡಿನ ಹೊರಗಿನ ಬಯಲಿಗೆ ಹೋಗಬೇಕು. ಆ ಬಯಲಿಗೆ ಅಂಚು ಎನ್ನುತ್ತೇವೆ. ಅಲ್ಲಿ ಎಂಟು ದಿನ ಬದುಕಿದವರಿದ್ದಾರೆ, ಒಂಬತ್ತು ದಿನ ಬದುಕಿದವರ ಸುದ್ದಿ ಬಂದಿಲ್ಲ. ಅಚ್ಚಿನಿಂದ ಅಂಚಿಗೆ ಬೀಳಲು ಒಂದು ಸೊನ್ನೆ ಸಾಕು ಎಂದು ನಾನು ಎಳೆಯನಿದ್ದಾಗ ಚಟಾಕಿ ಹಾರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಮ್ಮ ಅಕ್ಕ ಮಾತ್ರ ತಲೆಗೆ ಮೊಟಕುತ್ತಿದ್ದಳು.

ಮನೆಯಲ್ಲಿ ಕೂಸು ಹುಟ್ಟಿದರೆ ಅದೇ ದಿನ ಮೂರು ಗಂಟೆಗೆ ಹೊಸ ಹಾಳೆ ತೆಗೆಯಬೇಕು. ಕೂಸಿನ ಹೆಸರನ್ನು ನಿಮ್ಮ ಪಟ್ಟಿಯ ತಲೆಗೆ ಸೇರಿಸುತ್ತೇವೆ, ಏಕೆಂದರೆ ಸೇರಿಸಲು ನೀವು ತೆರೆದಿಟ್ಟ ತುದಿ ಅದೊಂದೇ. ಹೀಗಾಗಿ ಕಿರಿಯರು ಮೇಲೆ, ಹಿರಿಯರು ಕೆಳಗೆ. ಆಮೇಲೆ ನಿಮ್ಮ ಫಂಕ್ಷನ್ ಪಟ್ಟಿಯ ಮೊದಲ ಹನ್ನೊಂದು ಹೆಸರು ತೆಗೆದುಕೊಂಡು ಪುಟ ಕಟ್ಟುತ್ತದೆ. ಹನ್ನೆರಡನೆಯದನ್ನು ಕೈಬಿಡುತ್ತದೆ. ಎಚ್ಚರಿಕೆ ಇಲ್ಲ, ತಪ್ಪಾಯಿತೆಂಬ ಸೂಚನೆಯೂ ಇಲ್ಲ. ಪುಟ ನೋಡಲು ಬಹಳ ಅಂದವಾಗಿರುತ್ತದೆ. ನಾಲ್ಕೂ ಕಡೆ ಸಮನಾದ ಬಿಳಿ, ಸಾಲುಗಳ ನಡುವೆ ಹದವಾದ ಅಂತರ. ಅಚ್ಚಿಗನಾಗಿ ಹೇಳುತ್ತೇನೆ, ನಿಮ್ಮ ಕಣ್ಣು ಒಳ್ಳೆಯದಿತ್ತು.

ಹನ್ನೊಂದೇ ಏಕೆ ಎಂಬುದರ ಮೇಲೆ ನಮ್ಮಲ್ಲಿ ದೊಡ್ಡ ಪಾಂಡಿತ್ಯವಿದೆ. ರುದ್ರರು ಹನ್ನೊಂದು ಮಂದಿ, ಆದ್ದರಿಂದ ಮನೆಗೆ ಹನ್ನೊಂದು ಮಂದಿ ಎಂದು ಒಂದು ಪಂಥ. ಏಕಾದಶಿಯ ಉಪವಾಸದಿಂದ ಬಂದದ್ದು ಎಂದು ಇನ್ನೊಂದು. ಎರಡೂ ಪಂಥದವರು ವರ್ಷಕ್ಕೊಮ್ಮೆ ಸೇರಿ ಜಗಳವಾಡುತ್ತಾರೆ. ಮನೆಯ ಹಿರಿಯರು ಪುಟ ಬಿಡುವ ದಿನಕ್ಕೂ ಒಂದು ಚಂದದ ಪದ್ಧತಿ ಬೆಳೆದಿದೆ. ಹೊಸ ಸೀರೆ ಅಥವಾ ಧೋತರ ಉಡಿಸಿ, ಮಣೆಯ ಮೇಲೆ ಕೂರಿಸಿ, ಹಳೆಯ ಹಾಳೆಯನ್ನು ಮಡಿಚಿ ಕೈಗೆ ಕೊಟ್ಟು, ಕೂಸನ್ನು ತೊಡೆಯ ಮೇಲೆ ಇಡುತ್ತಾರೆ. ಆಮೇಲೆ ಮಾಡಿನ ಹೊರಬಾಗಿಲಿನವರೆಗೆ ಕಳಿಸಿ ಬರುತ್ತಾರೆ. ಯಾರೂ ಅಳಬಾರದು, ಹಾಳೆ ಒದ್ದೆಯಾಗುತ್ತದೆ.

ಈ ಊರಿನಲ್ಲಿ ಕೋಡ್ ಓದಲು ಬರುವವನು ನಾನೊಬ್ಬನೇ. ಉಳಿದವರಿಗೆ ಅದನ್ನು ಓಡಿಸಲಷ್ಟೇ ಬರುತ್ತದೆ. ಮೂರು ತಿಂಗಳ ಹಿಂದೆ, ನನ್ನ ಸೊಸೆ ಇಂದ್ರವ್ವನಿಗೆ ಆರು ತಿಂಗಳು ತುಂಬಿದಾಗ, ಹಗಲೆಲ್ಲ ಕೂತು ನಿಮ್ಮ ಕೋಡನ್ನು ತಳದವರೆಗೆ ಓದಿದೆ. ನಮ್ಮ ಹಾಳೆಯಲ್ಲಿ ಆಗಲೇ ಹನ್ನೊಂದು ಹೆಸರು. ಕೊನೆಯ ಸಾಲು ನಮ್ಮ ಅಕ್ಕ ಫಕೀರವ್ವ, ಎಪ್ಪತ್ತೊಂಬತ್ತು ವರ್ಷ. ಅವ್ವ ಹೋದಾಗ ನನಗೆ ನಾಲ್ಕು ವರ್ಷ. ಅಕ್ಕ ಮದುವೆ ಆಗಲಿಲ್ಲ, ನನ್ನನ್ನು ಬೆಳೆಸಿದಳು. ನನ್ನ ಹಾಸ್ಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳೇ ಕಲಿಸಿದ್ದು.

ಆ ಹನ್ನೊಂದು ಎಂಬ ಸಂಖ್ಯೆಯ ಮೇಲುಗಡೆ ನೀವು ಬರೆದಿಟ್ಟ ಟಿಪ್ಪಣಿ ನನಗೆ ಸಿಕ್ಕಿತು. ಯಂತ್ರ ಟಿಪ್ಪಣಿಯನ್ನು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಮನುಷ್ಯರೂ ಇಷ್ಟು ದಿನ ಹಾಗೆಯೇ ದಾಟಿಹೋಗಿದ್ದರು. ನೀವು ಬರೆದದ್ದು ಇಷ್ಟು: “ನಮ್ಮ ಹಾಸ್ಟೆಲ್ ವಿಂಗಿನಲ್ಲಿ ಹನ್ನೊಂದು ಜನ. ಒಂದು ಪುಟಕ್ಕೆ ಸರಿಹೋಗುತ್ತೆ. ಹನ್ನೆರಡನೆಯವಳು ಬಂದರೆ ಎರಡನೇ ಪುಟ ಮಾಡಬೇಕು. ಮೆಸ್ ಗಂಟೆ ಆಯ್ತು, ಊಟ ಮಾಡಿ ಬಂದು ನೋಡೋಣ.”

ನೀವು ಊಟ ಮಾಡಿ ಬರಲಿಲ್ಲ. ಅಥವಾ ಬಂದಿರಿ, ನೋಡಲಿಲ್ಲ. ಹನ್ನೆರಡನೆಯ ಹುಡುಗಿ ನಿಮ್ಮ ವಿಂಗಿಗೆ ಬರಲೇ ಇಲ್ಲವೆಂದು ಕಾಣುತ್ತದೆ. ಕೋಣೆಗಳ ಪಟ್ಟಿ ತೆಗೆಯಲು ನೀವು ಬರೆದ ಆ ಮಾದರಿಯನ್ನು ಯಾರೋ ನಕಲು ಮಾಡಿಕೊಂಡರು, ಅವರಿಂದ ಇನ್ನೊಬ್ಬರು. ಮಾಡು ಕಟ್ಟಿದವರು ಅವಸರದಲ್ಲಿ ಅದನ್ನೇ ಇಟ್ಟುಕೊಂಡು ಮೇಲೆ ಮುದ್ರೆ ಒತ್ತಿಬಿಟ್ಟರು.

ನಾನು ಓಡುತ್ತ ಹಾಳೆಮನೆಗೆ ಹೋದೆ. ಮುದ್ರೆ ಕಾಯುವ ಯಜಮಾನರು ಬಸಲಿಂಗಯ್ಯನವರು. ಅವರ ಮುಂದೆ ಟಿಪ್ಪಣಿ ಓದಿದೆ. ನಗಬಹುದು ಎಂದುಕೊಂಡಿದ್ದೆ.

“ಇನ್ನೊಮ್ಮೆ ಓದು” ಅಂದರು. ಓದಿದೆ.

“ಊಟಕ್ಕ ಎದ್ದು ಹೋದ್ಲಾ?”

“ಹೌದ್ರೀ ಯಜಮಾನ್ರ. ರುದ್ರರೂ ಇಲ್ಲ, ಏಕಾದಶೀನೂ ಇಲ್ಲ. ಹುಡುಗಿಗೆ ಹಸಿವಾಗಿತ್ತು, ಅಷ್ಟ.”

“ಈಗ ಏನ್ ಮಾಡಬೇಕಂತಿ?”

“ಒಂದು ಅಂಕಿ ತಿದ್ದೂಣ್ರೀ.”

“ಅಂಕಿ ತಿದ್ದಿದ್ರ ಮುದ್ರಿ ಒಡೀತದ. ಮುದ್ರಿ ಒಡದ್ರ ಊರಾಗಿನ ಬಾಗಲಾ ಎಲ್ಲಾ ಮುಚ್ಚತಾವ. ಆಮ್ಯಾಲೆ ನಾಕ್ ಲಕ್ಷ ಮಂದಿಗೆ ನೀ ನೆರಳ ಕೊಡ್ತೀಯೇನು, ನಿನ್ನ ಜೋಕಿನಾಗ?”

ಅವರ ಮಾತು ಸುಳ್ಳಲ್ಲ. ಟಿಪ್ಪಣಿಯನ್ನು ಬಿಟ್ಟು ಕೋಡಿನ ಒಂದು ಅಕ್ಷರ ಬದಲಾದರೂ ಬಾಗಿಲುಗಳು ಅದನ್ನು ಬೇರೆಯವರ ಕೋಡ್ ಎಂದು ತಿಳಿಯುತ್ತವೆ. ಆದರೂ ನಾನು ಬಿಡಲಿಲ್ಲ. ಎಲ್ಲರನ್ನೂ ಕೂರಿಸಿ ಯೋಚಿಸೋಣ, ತಪ್ಪನ್ನು ತಪ್ಪೆಂದಾದರೂ ಒಪ್ಪಿಕೊಳ್ಳೋಣ ಎಂದೆ. ಅವರು ತಮ್ಮ ಅಂಗೈಗಳನ್ನು ನನ್ನ ಮುಂದೆ ಚಾಚಿದರು.

“ಹೋದ ವರ್ಷ ನಮ್ಮವ್ವನ್ನ ಈ ಕೈಲೇ ಹಿಡಕೊಂಡು ಬಾಗಲ ತನಕಾ ಬಿಟ್ಟ ಬಂದೀನಿ, ಶಿವಯೋಗಿ. ಇದು ಪದ್ಧತಿ ಅಂತ ಬಿಟ್ಟ ಬಂದೀನಿ. ಈಗ ನೀ ಬಂದು, ಯಾವಾಕೀನೋ ಉಣ್ಣಾಕ ಹೋಗಿದ್ಲು ಅಂತ ಹೇಳಿದ್ರ ನಾ ಏನ್ ಮಾಡ್ಲಿ? ಆ ಚೀಟಿ ಯಾರಿಗೂ ಓದಿ ತೋರಸಬ್ಯಾಡ. ನಿನ್ನ ಕಾಲ ಹಿಡೀತೀನಿ.”

ಹಾಗೆಂದು ನಿಜಕ್ಕೂ ಬಾಗಿದರು. ತಡೆದು, ಮಾತು ಕೊಟ್ಟು ಎದ್ದು ಬಂದೆ. ಆ ದಿನದಿಂದ ಇಂದಿನವರೆಗೆ ಯಾರಿಗೂ ಓದಿ ತೋರಿಸಿರಲಿಲ್ಲ.

ಅಕ್ಕನ ಬದಲು ನಾನು ಹೋಗುತ್ತೇನೆಂದು ಯೋಚಿಸಿದ್ದೂ ಉಂಟು. ಶುದ್ಧ ಫಂಕ್ಷನ್ನಿಗೆ ಬದಲಾವಣೆಯೂ ಗೊತ್ತಿಲ್ಲ, ಬದಲು ಎಂಬುದೂ ಗೊತ್ತಿಲ್ಲ. ನಾನು ಮಾಡಿನ ಹೊರಗೆ ನಿಂತರೂ ನನ್ನ ಸಾಲು ಹಾಳೆಯಲ್ಲಿ ಹಾಗೆಯೇ ಇರುತ್ತದೆ, ಅಕ್ಕನದು ಬಿದ್ದೇ ಬೀಳುತ್ತದೆ. ಕೂಸಿನ ಹೆಸರು ಸೇರಿಸದಿದ್ದರೆ ಕೂಸಿಗೆ ನೀರಿಲ್ಲ. ಎಲ್ಲ ದಾರಿಗಳನ್ನೂ ಕೂಡಿಸಿ ನೋಡಿದೆ. ಎಲ್ಲವೂ ಅದೇ ಡಬ್ಬಿಯೊಳಗೆ ಬಂದು ಕೂತವು.

ಇಂದು ಬೆಳಿಗ್ಗೆ ಎಂಟಕ್ಕೆ ಇಂದ್ರವ್ವ ಹೆತ್ತಳು. ಹೆಣ್ಣು ಕೂಸು, ಗಂಟಲು ಗಟ್ಟಿಯಿದೆ. ಅಕ್ಕ ಅದರ ಕಾಲು ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, “ಮಾರಿ ಯಾಕ ಹಂಗ ಮಾಡೀಯೋ? ಕೂಸು ಅಂಜತೈತಿ” ಅಂದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ಮೂರು ತಿಂಗಳಿಂದ ಏನೋ ನುಂಗಿಕೊಂಡಿದ್ದೀಯಲ್ಲ, ಅದನ್ನೀಗ ಉಗುಳು ಎಂದಳು. ಅವಳಿಗೆ ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ಯಜಮಾನರಿಗೆ ಕೊಟ್ಟ ಮಾತು ಮುರಿದು ನಿಮ್ಮ ಟಿಪ್ಪಣಿ ಹೇಳಿದೆ.

ಅಕ್ಕ ನಕ್ಕಳು, ತಂಗಿ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಅಲ್ಲೋ, ಅವತ್ತ ಅಡಗಿ ಏನ್ ಮಾಡಿದ್ರಂತ?”

“ಅದನ್ನ ಬರದಿಲ್ಲಕ್ಕಾ.”

“ಬರೀಬೇಕಿತ್ತು! ನನ್ನ ಹೊರಗ ಹಾಕಿದ್ದು ಬರೇ ಅನ್ನಾ ಸಾರೋ, ಮತ್ತೇನೋ ನನಗ ಗೊತ್ತಾಗಬ್ಯಾಡೇನು? ಸಪ್ಪನ ಸಾರಿಗೆ ಎದ್ದು ಹೋಗಿದ್ರ ಆಕೀನ ಬಿಡಾಂಗಿಲ್ಲ ನಾ. ಹೋಳಿಗಿ ಇದ್ದು, ಬಿಸೀದು ಹೋದೀತಂತ ಓಡಿದ್ರ ಮಾತ್ರ ಮಾಫ್. ಕೇಳು ಆಕೀನ.”

ಆದ್ದರಿಂದ ಕೇಳುತ್ತಿದ್ದೇನೆ.

ಈ ಪತ್ರವನ್ನು ನಿಮ್ಮ ಟಿಪ್ಪಣಿಯ ಕೆಳಗೆ ಟಿಪ್ಪಣಿಯಾಗಿಯೇ ಬರೆಯುತ್ತಿದ್ದೇನೆ. ಮುದ್ರೆ ಒಡೆಯದಂತೆ ಮನುಷ್ಯ ಏನಾದರೂ ಬರೆಯಬಹುದಾದ ಜಾಗ ಈ ಊರಿನಲ್ಲಿ ಇದೊಂದೇ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಪುಸ್ತಕದಲ್ಲಿ ದಿನಾಂಕವನ್ನು ಬರೆಯುವವನೇ ಹಾಕುತ್ತಾನೆ, ಯಂತ್ರ ನಂಬುತ್ತದೆ. ನಾನು ನಿಮ್ಮ ಆ ದಿನದ ತಾರೀಖನ್ನೇ, ಮೆಸ್ ಗಂಟೆಗೆ ಹತ್ತು ನಿಮಿಷ ಮುಂಚಿನ ಸಮಯವನ್ನೇ ಹಾಕುತ್ತಿದ್ದೇನೆ. ದಿನಾಂಕ ಹಿಂದಕ್ಕೆ ಹಾಕಿದರೆ ದಿನ ಹಿಂದಕ್ಕೆ ಹೋಗುವುದಿಲ್ಲ ಎಂಬಷ್ಟು ತಿಳಿವಳಿಕೆ ನನಗಿದೆ. ಆದರೂ ಯಂತ್ರ ನಂಬುವುದನ್ನು ಇಂದೊಂದು ಮಧ್ಯಾಹ್ನ ನಾನೂ ನಂಬುತ್ತೇನೆ.

ನನ್ನ ಬೇಡಿಕೆ ಸಣ್ಣದು. ಕೋಡ್ ತಿದ್ದಿರೆಂದು ಕೇಳುವುದಿಲ್ಲ, ಹಸಿದವರಿಗೆ ಅಷ್ಟು ಕೆಲಸ ಹೇಳಬಾರದು. ನಿಮ್ಮ ವಿಂಗಿಗೆ ಇನ್ನೊಬ್ಬ ಹುಡುಗಿಯನ್ನು ಸೇರಿಸಿಕೊಳ್ಳಿ. ಪಕ್ಕದ ವಿಂಗಿನಲ್ಲಿ ಜಗಳವಾಡಿದವಳು, ತಡವಾಗಿ ಸೀಟು ಸಿಕ್ಕವಳು, ಯಾರಾದರೂ ಆಗಲಿ, ಒಂದು ಮಂಚ ಹಾಕಿಸಿ. ಆಗ ಪುಟ ತಾನಾಗಿ ತಪ್ಪುತ್ತದೆ, ನೀವು ಬೈದುಕೊಳ್ಳುತ್ತ ಎರಡನೆಯ ಪುಟ ಮಾಡುತ್ತೀರಿ. ಅದೂ ಆಗದಿದ್ದರೆ, ಆ ದಿನ ಊಟಕ್ಕೆ ಏನಿತ್ತೆಂದಾದರೂ ಬರೆದಿಡಿ. ಆ ಸಾಲಿನ ಪಕ್ಕ ಬೇಕಾದಷ್ಟು ಜಾಗವಿದೆ.

ಮೂರಕ್ಕೆ ಐದು ನಿಮಿಷ. ಇಲ್ಲಿಯವರೆಗೆ ಬರೆದದ್ದನ್ನು ದಾಖಲಿಸಿ, ಕೋಡಿನಲ್ಲಿ ಮೇಲೆ ನಿಮ್ಮ ಆ ಸಾಲಿಗೆ ಹೋಗಿ ನೋಡಿ ಬಂದೆ. ನಿಮಗೆ ಪತ್ರ ತಲುಪಿದ್ದರೆ ಅದು ಇನ್ನೂರ ಅರವತ್ತು ವರ್ಷದ ಹಿಂದೆಯೇ ತಲುಪಿರಬೇಕು, ಬದಲಾಗುವುದಿದ್ದರೆ ಆಗಲೇ ಬದಲಾಗಿರಬೇಕು.

ಹನ್ನೊಂದೇ ಇದೆ. ಪಕ್ಕದ ಜಾಗ ಖಾಲಿ.

ಅಕ್ಕ ಹೊಸ ಸೀರೆ ಉಟ್ಟು, ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣೆಯ ಮೇಲೆ ಕೂತಿದ್ದಾಳೆ. ನಾನು ಕೀಲಿಮಣೆಯ ಮುಂದೆ. ಎರಡು ಮಣೆಗಳ ನಡುವೆ ನಾಲ್ಕು ಹೆಜ್ಜೆ.

“ಏನಂತೋ? ಬರದಾಳೇನು?” ಎಂದು ಅಲ್ಲಿಂದಲೇ ಕೇಳಿದಳು.

“ಬರದಾಳಕ್ಕಾ” ಎಂದೆ. “ಹೋಳಿಗಿ ಇತ್ತಂತ. ಬಿಸೀದು.”

“ಹಂಗಾದ್ರ ಸರಿ” ಎಂದು ಕೂಸಿನ ಕಡೆ ತಿರುಗಿದಳು.

ತಂಗಿ, ನಿಮಗೆ ಮಾಫಿ ಸಿಕ್ಕಿದೆ. ನಾನು ಓಡಿಸುತ್ತೇನೆ.

ಶಿವಯೋಗಿ ಅಚ್ಚಿನಮನಿ
ಹತ್ತನೆಯ ಸಾಲು. ಇಂದು ಮೂರು ಗಂಟೆಯಿಂದ ಹನ್ನೊಂದನೆಯದು.