ನರದ ಡಾಕ್ಟರು ಬೇಕು, ಲಾಡ್ಜಿನವರಲ್ಲ

ತಾಲ್ಲೂಕುಗಳಿಗೆ ತಜ್ಞ ವೈದ್ಯರನ್ನು ಹಂಚುವ ಕುರ್ಚಿಯಲ್ಲಿ ಕುಳಿತ ಮಾನ್ಯರೇ,

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ವಿಚಾರಿಸಿದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಸತ್ತವರನ್ನು ನೋಡುವ ಒಬ್ಬ ಡಾಕ್ಟರೂ ನನಗೆ ಸಿಗಲಿಲ್ಲ. ಹಾಗಂತ ನಮ್ಮಲ್ಲಿ ನರದ ಬಗ್ಗೆ ಕಾಳಜಿಯೇ ಇಲ್ಲವೆಂದು ತಿಳಿಯಬೇಡಿ. ಬಸ್ ನಿಲ್ದಾಣದ ಗೋಡೆ ತುಂಬ ‘ನರದೌರ್ಬಲ್ಯಕ್ಕೆ ಶಾಶ್ವತ ಪರಿಹಾರ, ಲಾಡ್ಜಿನಲ್ಲಿ ಭೇಟಿಯಾಗಿ’ ಎಂಬ ಪೋಸ್ಟರುಗಳಿವೆ. ತಾವು ಮಲಗಿದ್ದರೂ ಲಾಡ್ಜುಗಳು ಎಚ್ಚರವಾಗಿವೆ.

ನನ್ನ ಅಕ್ಕ ಚೌಡಮ್ಮನಿಗೆ ಮೊದಲು ಪಾದ ಉರಿಯಿತು. ಆಮೇಲೆ ಜೋಮು ಹಿಡಿಯಿತು. ಕೊನೆಗೆ ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ನಡೆದುಬಿಡುತ್ತಿದ್ದಳು. “ನರದ ಡಾಕ್ಟ್ರಿಗೆ ತೋರ್ಸಮ್ಮ” ಎಂದರು ಊರಿನ ವೈದ್ಯರು. ಆ ನರದ ಡಾಕ್ಟರು ಎಲ್ಲಿದ್ದಾರೆಂದು ಹೇಳಿದವರಿಗೂ ಗೊತ್ತಿರಲಿಲ್ಲ. ಅಕ್ಷರ ಕೂಡಿಸಿ ಓದುವ ಅಕ್ಕ ಗೋಡೆಯ ಮೇಲೆ ‘ನರ’ ಎಂಬಷ್ಟನ್ನು ಓದಿ, ಒಬ್ಬಳೇ ಲಾಡ್ಜಿನ ಮೆಟ್ಟಿಲು ಹತ್ತಿದಳು.

“ಯಜಮಾನ್ರು ಬಂದಿಲ್ವೇನ್ರೀ?” ಎಂದನಂತೆ ಅಲ್ಲಿನ ಪಂಡಿತ.

“ಅವ್ರು ತೀರ್ಕಂಡು ಭಾಳ ವರ್ಷ ಆತಪ್ಪ.”

“ಮತ್ತೆ ಔಷಧಿ ಯಾರಿಗ್ರೀ?”

“ನಂಗೇ ಕಣಪ್ಪ. ನರ ಸತ್ತೈತೆ.”

ನಮ್ಮೂರು ಉಬ್ರಾಣಿಗೆ ಅಕ್ಕನಿಗಿಂತ ಮೊದಲೇ ಸುದ್ದಿ ತಲುಪಿತು. “ಏನ್ ಚೌಡಕ್ಕ, ನರ ಎದ್ ಕುಂತಾವೇನೆ?” ಎಂದು ನೆರೆಮನೆಯ ಬೊಮ್ಮಕ್ಕ ನಲ್ಲಿಯ ಹತ್ತಿರ ಛೇಡಿಸಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕನೇ. ಆದರೆ ಆಮೇಲೆ ಎಷ್ಟು ಕರೆದರೂ ಆಸ್ಪತ್ರೆಗೆ ಬರಲಿಲ್ಲ. “ಸುಮ್ನಿರಪ್ಪ, ನರ ಅಂತ ಬಾಯಿಬಿಟ್ಟು ಹೇಳಾಕೆ ನಾಚ್ಕಿ ಆಕೈತೆ.”

ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತು, “ಏನೋ ಸುಟ್ಟ ವಾಸ್ನೆ ಬರ್ತೈತೆ, ನೋಡೋ” ಎಂದು ಕೂಗಿದಳು. ಸುಡುತ್ತಿದ್ದದ್ದು ಅವಳ ಪಾದ. ಉರುಳಿದ ಕೆಂಡದ ಮೇಲೆ ನಿಂತೇ ರೊಟ್ಟಿ ಬೇಯಿಸುತ್ತಿದ್ದಳು, ಮಾನ್ಯರೇ. ಗಾಯ ಕೊಳೆತು, ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು.

ಒಂದು ಪದಕ್ಕೆ ಎರಡು ಅರ್ಥವಿದ್ದದ್ದು ಕನ್ನಡದ ತಪ್ಪೇ? ಸರಿಯಾದ ಅರ್ಥದ ಬೋರ್ಡನ್ನು ಒಂದು ಆಸ್ಪತ್ರೆಯ ಬಾಗಿಲಿಗಾದರೂ ಹಾಕಿಸಬೇಕಾದವರು ಯಾರು? ನಾಲ್ಕು ತಾಲ್ಲೂಕಿಗೂ ವಾರಕ್ಕೊಮ್ಮೆ ನರತಜ್ಞರನ್ನು ಕಳಿಸಿ. ಸಕ್ಕರೆ ನೋಡುವ ಕಡೆಯಲ್ಲೇ ಪಾದವನ್ನೂ ಮುಟ್ಟಿ ನೋಡಲಿ. ಉರಿಗೆ ಮಾತ್ರೆ, ಕಾಲಿಗೆ ಮೆತ್ತನೆಯ ಚಪ್ಪಲಿ ಕೊಡಲಿ. ಬೇಗ ಕಳಿಸಿ. ಎಡಗಾಲಿಗೂ ಜೋಮು ಶುರುವಾಗಿದೆ.

ದಿನವೂ ಅಕ್ಕನ ಕಣ್ಣು ಮುಚ್ಚಿಸಿ, ಉಳಿದ ಪಾದಕ್ಕೆ ಪೊರಕೆ ಕಡ್ಡಿ ತಾಗಿಸಿ, “ಗೊತ್ತಾಕೈತೇನಕ್ಕ?” ಎಂದು ಕೇಳುತ್ತೇನೆ. ನಿನ್ನೆ ಹಾಗೆ ಕೇಳಿದಾಗ ಕಡ್ಡಿಯನ್ನು ಇನ್ನೂ ಪಾದಕ್ಕೆ ತಾಗಿಸಿರಲೇ ಇಲ್ಲ.

“ಹ್ಞೂ ಕಣೋ, ಚೆನ್ನಾಗಿ ಗೊತ್ತಾತು” ಎಂದಳು.

ಇಂತಿ,
ತಮ್ಮ ವಿಧೇಯನಲ್ಲ, ಚೌಡಮ್ಮನ ತಮ್ಮ
ಗಿಡ್ಡಪ್ಪ, ಉಬ್ರಾಣಿ