ಪರಿಹಾರ ಅಂದರೆ ಪೂಜೆಯಲ್ಲ, ಅವ್ವ

ಅವ್ವಾ,

ಅಪ್ಪ ಇಸ್ತ್ರಿ ಪೆಟ್ಟಿಗೆಯಿಂದ ನನ್ನ ತೋಳು ಸುಟ್ಟ. ನನಗಾಗ ಎಂಟು ವರ್ಷ. ಏಳರ ಮಗ್ಗಿ ತಪ್ಪಿದ್ದೆ, ಅಷ್ಟೇ. ಈ ಮಾತನ್ನು ನೀನಿದ್ದಾಗ ಒಮ್ಮೆಯೂ ಬಾಯಿಬಿಟ್ಟು ಹೇಳಲಾಗಲಿಲ್ಲ. ನೀನು ಹೋಗಿ ಮೂರು ವರ್ಷವಾದ ಮೇಲೆ ಬರೆಯುತ್ತಿದ್ದೇನೆ.

ಅವತ್ತು ಕ್ಲಿನಿಕ್ಕಿನಲ್ಲಿ ನರ್ಸ್ ಕೇಳಿದಾಗ, ನೀನು ನಿನ್ನ ಹರಕು ಹಿಂದಿಯಲ್ಲಿ "ಚಾಯ್ ಗಿರ್ ಗಯಾ" ಅಂದೆ. ಆಮೇಲೆ ನನ್ನ ಕಿವಿಯಲ್ಲಿ, "ಯಾರರೆ ಕೇಳಿದ್ರ ಚಾ ಚೆಲ್ಲೇತಿ ಅನ್ನು, ನನ್ನ ಬಂಗಾರ" ಅಂದೆ. ಬ್ಯಾಂಡೇಜಿನ ಮೇಲೆ ಎಷ್ಟು ಮೆಲ್ಲಗೆ ಊದುತ್ತಿದ್ದೆ! ಅದೇ ಬಾಯಿಂದ ಆ ಸುಳ್ಳು ಹೇಗೆ...

ಪೊಲೀಸರಿಗೆ ಹೇಳೋಣ ಎಂದು ನಾನು ಹಟ ಹಿಡಿದ ದಿನ ನೆನಪಿದೆಯೇ? "ನಮ್ಮ ಕಫೀಲ್ ಅವರ ಅಲ್ಲೇನು? ಇಕಾಮಾ ರದ್ದು ಮಾಡಿದ್ರ ನಾಳೆನ ವಿಮಾನ ಹತ್ತಬೇಕು" ಅಂದಿದ್ದೆ. ಕಫೀಲ್ ಅಂದರೆ ಈ ಪರದೇಶದಲ್ಲಿ ನಮ್ಮ ಇಕಾಮಾಕ್ಕೆ, ಇಲ್ಲಿ ವಾಸಿಸುವ ಪರವಾನಗಿಗೆ, ಹೊಣೆ ಹೊತ್ತವನು. ಹೊಣೆ ಹೊತ್ತವನಿಗೇ ಹೆದರಿ ಬದುಕಿದೆವಲ್ಲ, ಅವ್ವ? ಈಗ ನನ್ನ ಇಕಾಮಾ ಅಪ್ಪನ ಕೈಯಲ್ಲಿಲ್ಲ. ರಾಯ್ ಏರಿಯಾದ ಒಂದು ಶೋರೂಮಿನಲ್ಲಿ ಕೆಲಸ, ಅಬ್ಬಾಸಿಯಾದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ರೂಮು. "ರದ್ದಿ" ಎಂದು ನೀನು ಬೈಯುತ್ತಿದ್ದ, ಹೆಣ್ಣುಮಕ್ಕಳ ಹಕ್ಕುಗಳ ಕರಪತ್ರಗಳನ್ನು ಇನ್ನೂ ಓದುತ್ತೇನೆ. ಹಿಂಸೆ ಕೊಟ್ಟವರು ಮನೆಯವರೇ ಆದರೂ ಪರಿಹಾರ ಕೇಳಬಹುದು ಎಂದು ಒಂದರಲ್ಲಿತ್ತು. ಕೆಂಪು ಪೆನ್ನಿನಿಂದ ಗೆರೆ ಎಳೆದುಕೊಂಡು ವಕೀಲರನ್ನು ಹುಡುಕಿದೆ. ಮೊದಲು ನಿಮ್ಮ ತಂದೆಗೆ ನೀವೇ ಒಂದು ಪತ್ರ ಬರೆಯಿರಿ ಎಂದರು. ಇಂಗ್ಲಿಷ್ ತಿಳಿಯಲಿಲ್ಲ ಎಂದು ಅಪ್ಪ ಜಾರಿಕೊಳ್ಳಬಾರದೆಂದು ಕನ್ನಡದಲ್ಲೇ ಬರೆದೆ: ನನಗಾದದ್ದಕ್ಕೆ ನೀವು ಪರಿಹಾರ ಕೊಡಬೇಕು.

ಮೊನ್ನೆ ಶುಕ್ರವಾರ ಅಪ್ಪ ರಿಗ್ಗೈಯಲ್ಲಿರುವ ಮನೆಗೆ ಕರೆದ. ಮಾತಾಡುತ್ತಾನೆ ಎಂದುಕೊಂಡು ಹೋದೆ. ಹಾಲಿನ ನಡುವೆ ಮಣೆ, ಅರಿಶಿನ, ಕುಂಕುಮ, ಐದು ನಿಂಬೆಹಣ್ಣು! ನಿನ್ನ ಫೋಟೋಕ್ಕೆ ಒರಗಿಸಿಟ್ಟ ಫೋನಿನಲ್ಲಿ ಗದಗಿನ ಆಚಾರ್ಯರು.

"ಪರಿಹಾರ ಬೇಕು ಅಂದಿದ್ಯಲ್ಲ? ಮಾಡಸಾಕ್ಹತ್ತೀನಿ, ಕುಂದ್ರು" ಅಂದ ಅಪ್ಪ.

"ಯಾರ ಹೆಸರಲೆ ಸಂಕಲ್ಪರಿ?" ಎಂದು ಆಚಾರ್ಯರು ಕೇಳಿದರು.

"ಮಗಳ ಹೆಸರಲೆ. ದೋಷ ಆಕೀದು."

ನಾನು ಕೇಳಿದ ಪರಿಹಾರ ಯಾವುದೆಂದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲವೇ, ತಿಳಿದೂ ತಿಳಿಯದವನಂತೆ ಮಾಡಿದನೇ? ಸುಟ್ಟವನು ಅವನು, ದೋಷ ನನ್ನದೇ? ಅಡುಗೆಮನೆ ಬಾಗಿಲಲ್ಲಿದ್ದ ತಂಗಿ ಕಾವ್ಯಾ, "ಡ್ಯಾಡಿ, ಅಕ್ಕ ಮೀನ್ಸ್ ಕಾಂಪೆನ್ಸೇಶನ್. ಲೈಕ್ ಇನ್ ಕೋರ್ಟ್" ಅಂದಳು. ಆಚಾರ್ಯರು, "ಕೋರ್ಟ? ನೆಟ್‌ವರ್ಕ್ ಸರಿ ಇಲ್ರಿ" ಎಂದು ಫೋನ್ ಇಟ್ಟೇಬಿಟ್ಟರು. ನಗು ಬಂತು. ಅಪ್ಪ ತಿರುಗಿ ನೋಡಿದ. ಕಾವ್ಯಾ ಸರ್ರನೆ ಹಿಂದೆ ಸರಿದು, ತುಂಬು ತೋಳಿನ ಅಂಗಿಯನ್ನು ಬೆರಳ ತುದಿಯವರೆಗೆ ಎಳೆದುಕೊಂಡಳು. ಆಗ ನನ್ನ ನಗು ನಿಂತಿತು.

ಅವಳನ್ನು ರೂಮಿಗೆ ಕರೆದೊಯ್ದು ಅಂಗಿಯ ತೋಳು ಮಡಚಿ ನೋಡಿದೆ. ನನ್ನದೇ ಗುರುತು, ಅವ್ವ. ಅದೇ ತ್ರಿಕೋನ. ನಾನಿನ್ನೂ ಏನೂ ಕೇಳಿರಲಿಲ್ಲ. "ಟೀ ಸ್ಪಿಲ್ಡ್, ಅಕ್ಕಾ" ಅಂದಳು.

ಯಾರು ಕಲಿಸಿದರು ಅವಳಿಗೆ? ನೀನು ಹೋದಾಗ ಅವಳಿಗೆ ಬರೀ ಎಂಟು ವರ್ಷ. ಇಂಥದು ಅವಳವರೆಗೆ ಬರುವುದಿಲ್ಲ ಎಂದುಕೊಂಡು ನನ್ನ ಬಟ್ಟೆ ಮಾತ್ರ ಕಟ್ಟಿಕೊಂಡು ಆ ಮನೆ ಬಿಟ್ಟವಳು ನಾನು. ಕರಪತ್ರ ಓದುವವಳು!

ಅಪ್ಪ ಕೂಗಾಡುತ್ತಲೇ ಇದ್ದ. ಅವಳ ಕೈ ಹಿಡಿದು ಕೆಳಗಿಳಿದು, ಟ್ಯಾಕ್ಸಿ ಹತ್ತಿ, ನೇರ ಕ್ಲಿನಿಕ್ಕಿಗೆ ಹೋದೆ. ನರ್ಸ್ ಅದೇ ಪ್ರಶ್ನೆ ಕೇಳಿದರು. ಕಾವ್ಯಾ ನನ್ನ ಮುಖ ನೋಡಿದಳು. ನಾನು ಏನೂ ಹೇಳಿಕೊಡಲಿಲ್ಲ. ತಾನೇ ಅಂಗಿಯ ತೋಳು ಮೇಲೆಳೆದು, "ನಾಟ್ ಟೀ, ಸಿಸ್ಟರ್" ಅಂದಳು. ಆಮೇಲೆ ಕನ್ನಡದಲ್ಲಿ, ನನಗೆ ಮಾತ್ರ: "ಇಸ್ತ್ರಿ."

ನರ್ಸ್ ಬರೆದುಕೊಂಡರು. ಡಾಕ್ಟರ್ ಸಹಿ ಹಾಕಿದರು. ನಿನಗೆ ಹೇಳಬೇಕಾಗಿದ್ದ ಸುದ್ದಿ ಇದು, ಅವ್ವ. ಈಗ ಪರಿಹಾರ ಕೇಳುವ ನನ್ನ ಪತ್ರದಲ್ಲಿ ಎರಡು ಹೆಸರುಗಳಿವೆ, ಮೊದಲನೆಯದು ಅವಳದು.

ನಿನ್ನೆ ಅಪ್ಪ ಫೋನ್ ಮಾಡಿದ್ದ. "ಆಕೀ ಇಕಾಮಾ ನನ್ನ ಮ್ಯಾಲೈತಿ. ಯಾವಾಗ ತಂದು ಬಿಡ್ತಿ?" ಅಂದ. ನಾನು ಹೇಳಿದೆ: "ಬಿಡೂದಿಲ್ಲ. ನೀವ ವಕೀಲರ ಆಫೀಸಿಗೆ ಬರ್ರಿ. ಭಾನುವಾರ, ಮುಂಜಾನೆ ಒಂಬತ್ತಕ್ಕ."