ಪ್ರಜ್ಞಾ ಕೇಳಿದ ಪ್ರಶ್ನೆ

ಜೂನ್ ೧೪, ಶುಕ್ರವಾರ. ಇಂಡಿ.

ಇವತ್ತ ಬಸ್ ಸ್ಟ್ಯಾಂಡಿನಾಗ ಸಾಲೋಟಗಿಯ ಪ್ರಜ್ಞಾ ಭೇಟಿ ಆದ್ಲು. ಎರಡು ವರ್ಷದ ಹಿಂದ ಪಿಯುಸಿಯೊಳಗ ನನ್ನ ಫಿಸಿಕ್ಸ್ ಕ್ಲಾಸಿನಾಗ ಇದ್ದ ಹುಡುಗಿ. ಈಗ ಬಿ.ಎ. ಓದಾಕತ್ತಾಳಂತ. ಅದನ್ನ ಕೇಳಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಆಗ ಒಂದಿನ ಕ್ಲಾಸಿನಾಗ ವಿದ್ಯುದಾವೇಶದ, ಅಂದ್ರ ಚಾರ್ಜಿನ ಪಾಠ ನಡೆದಿತ್ತು. ಎದ್ದು ನಿಂತು ಕೇಳಿದ್ಲು: "ಮ್ಯಾಡಮ್, ಎರಡು ಚಾರ್ಜಿನ ನಡುವಿನ ಬಲಾನ ಫೋಟಾನ್ ಒಯ್ತಾವಂತ ಓದೇನ್ರಿ. ಫೋಟಾನ್ ಅಂದ್ರ ಬೆಳಕಲ್ರಿ? ಮತ್ತ ಅಲ್ಲಿ ಬೆಳಕ ಯಾಕ ಕಾಣಂಗಿಲ್ರಿ?"

ನನಗ ಗೊತ್ತಿರಲಿಲ್ಲ. "ಸಿಲೆಬಸ್ಸಿನಾಗ ಇಲ್ಲದ್ದ ಕೇಳಿ ಶಾಣ್ಯಾತನ ತೋರಿಸಬ್ಯಾಡ, ಕೂಡು" ಅಂದ್ನಿ. ಎಲ್ಲಾರೂ ನಕ್ಕರು. ಆಮ್ಯಾಲ ಅಕಿ ಒಂದ ದಿನಾನೂ ಕೈ ಎತ್ತಲಿಲ್ಲ.

ಅದ ವಾರ ಪುಸ್ತಕ ಹುಡುಕಿ ಓದಿದ್ನಿ. ಸುಮ್ಮನಿರೋ ಚಾರ್ಜಿನ ಸುತ್ತ ಕ್ಷೇತ್ರ ಇರತೈತಿ, ಅದರಿಂದ ಬೆಳಕ ಹೊರಡಂಗಿಲ್ಲ. ಚಾರ್ಜು ಅಲುಗಾಡಿದ್ರ ಹೊರಡತೈತಿ. ಬಲ ಒಯ್ಯೋ ಆ ಫೋಟಾನು ಲೆಕ್ಕದಾಗಷ್ಟ ಬರ್ತಾವ, ಕಣ್ಣಿಗೆ ಬೀಳಂಗಿಲ್ಲ. ತಿಳಿದ ಮ್ಯಾಲೂ ಕ್ಲಾಸಿನಾಗ ಹೇಳಲಿಲ್ಲ. ಮರ್ಯಾದಿ ಹೋಗತೈತಂತ ಅಂಜಿದ್ನಿ.

ಇವತ್ತ ಅದನ್ನೆಲ್ಲಾ ಬಸ್ಸಿನ ಗದ್ದಲದಾಗ ನಿಂತು ಹೇಳಿದ್ನಿ. ಅಕಿ ಕಡೀತನಕ ಕೇಳಿದ್ಲು.

"ಅವತ್ತ ನಿಮಗೂ ಗೊತ್ತಿರಲಿಲ್ಲೇನ್ರಿ, ಮ್ಯಾಡಮ್?"

"ಇಲ್ಲವಾ."

"ನಾನ ದಡ್ಡಿ ಅಂತ ತಿಳ್ಕೊಂಡ ಸೈನ್ಸ್ ಬಿಟ್ನಿರಿ."

ದನಿಯೊಳಗ ಸಿಟ್ಟ ಇರಲಿಲ್ಲ. ಅಷ್ಟೊತ್ತಿಗೆ ಬಸ್ ಬಂತು. ನಮಸ್ಕಾರ ಮಾಡಿ ಹತ್ತಿದ್ಲು.

ಒಂದ ಮಾತು ಬೈದು ಹೋಗಿದ್ರೂ ಇಷ್ಟ ಸಂಕಟ ಆಗ್ತಿರಲಿಲ್ಲ. ಗೊತ್ತಿಲ್ಲ ಅನ್ನೋದು ಎಷ್ಟ ಸಣ್ಣ ಮಾತು, ಅದನ್ನ ಅವತ್ತ ನಾ ಅಂದಿದ್ರ ಅಕಿ ಸೈನ್ಸ್ ಬಿಡ್ತಿರಲಿಲ್ಲೇನೋ.